ರುಕ್ಕುವಿನ ಕೈ ಸೆರಗಿಗೆ ಬಂದ ಮಳೆಗಾಲ

ಹೋದ ತಿಂಗಳು ಸಿರುಮುಗೈಗೆ ಹೋಗಿದ್ದೆ. ಬೆಳಗ್ಗೆ ಮೆಟ್ಟುಪಾಳ್ಯಂ ಬಸ್ಸಿನಿಂದ ಇಳಿದು ನಮ್ಮ ಹಳೆಯ ಬೀದಿಗೆ ತಿರುಗಿದರೆ, ಈ ತುದಿಯಿಂದ ಆ ತುದಿಯವರೆಗೆ ಮಗ್ಗಕ್ಕೇರುವ ಉದ್ದೆಳೆಗಳ ರೇಷ್ಮೆಯ ಹಾಸು ಎಳೆದು ಕಟ್ಟಿ ಇಬ್ಬರು ಗಂಜಿ ಬಳಿಯುತ್ತಿದ್ದರು. ಹುಳಿ ಬಂದ ಅಕ್ಕಿಗಂಜಿ, ಒದ್ದೆ ರೇಷ್ಮೆ, ಬೀದಿಯ ಮಣ್ಣು, ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ಅಲ್ಲೇ ನಿಂತಿತು.

“ಬಿಸಿಲು ಏರೋದ್ರೊಳಗೆ ಮುಗೀಬೇಕುಂಗಕ್ಕಾ, ಹಂಗೇ ಬಗ್ಗಿ ದಾಟ್ಕೊಂಡು ಹೋಗುಂಗ” ಎಂದ ಒಬ್ಬ. ಮಾತಿನ ಬಾಲಕ್ಕೊಂದು ‘ಂಗ’ ಸೇರಿಸುವುದು ನಮ್ಮ ಕೊಂಗುನಾಡಿನ ಮರ್ಯಾದೆ. ತಮಿಳು ಸೀಮೆಯಲ್ಲಿದ್ದು ಮನೆಯೊಳಗೆ ಕನ್ನಡವೇ ಆಡಿದರೂ ಆ ಬಾಲವನ್ನು ಯಾರೂ ಬಿಟ್ಟಿಲ್ಲ. ನಾನು ಬಗ್ಗಿ ದಾಟಿದೆ. ಮನಸ್ಸು ಮಾತ್ರ ದಾಟಲಿಲ್ಲ. ಎಷ್ಟೋ ವರ್ಷದ ಹಿಂದೆ ನನ್ನ ತಂಗಿ ರುಕ್ಕು ನಮ್ಮ ಮನೆಯಲ್ಲಿದ್ದ ಒಂದು ಐಪ್ಪಸಿ ತಿಂಗಳ, ದೀಪಾವಳಿ ಹೊತ್ತಿನ ಮಳೆಗೆ ಹೋಗಿ ನಿಂತುಬಿಟ್ಟಿತು. ಆ ವರ್ಷ ಹಿಂಗಾರು ಎಡೆಬಿಡದೆ ಸುರಿದು, ಬೀದಿಯಲ್ಲಿ ಹಾಸು ಹರಡಲಾಗದೆ, ಕಾಯಿಸಿಟ್ಟ ಗಂಜಿ ಮಡಕೆಯಲ್ಲೇ ಹುಳಿಯುತ್ತಿತ್ತು. ಯಾವ ಮನೆಗೆ ಹೋದರೂ ಇದೇ ವಾಸನೆ.

ಮೊದಲು ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾನು ಮಾಡಿದ ತಪ್ಪು ನಿಮಗೆ ತಿಳಿಯುವುದಿಲ್ಲ. ನಾನು ನೇಕಾರರ ಮನೆಯ ಮಗಳು, ಆದರೆ ನೇಯುವವಳಲ್ಲ. ಸೀರೆಗೆ ಚಿತ್ರ ಹಾಕುವವಳು. ತಾತ ಚೌಕುಳಿ ಕಾಗದದ ಮೇಲೆ ಒಂದೊಂದು ಮನೆಗೆ ಒಂದೊಂದು ಚುಕ್ಕಿ ಇಟ್ಟು ಹೂವು, ಹಂಸ ಬರೆಯುತ್ತಿದ್ದರು. ನಮ್ಮ ಬೀದಿಯಲ್ಲಿ ಕನ್ನಡ ಬಾಯಲ್ಲಿದೆ, ಕಾಗದದ ಮೇಲಿಲ್ಲ. ನನಗೆ ‘ಅ’ ‘ಆ’ ಕಲಿಸಿದ್ದೂ ಅದೇ ಚೌಕುಳಿಯ ಮೇಲೆ ತಾತನೇ. ಅವರು ಕಾಗದದಲ್ಲಿ ಮಾಡಿದ್ದನ್ನು ನಾನು ಕಂಪ್ಯೂಟರಿನಲ್ಲಿ ಮಾಡುತ್ತಿದ್ದೆ. ಚಿತ್ರವನ್ನು ಚೌಕ ಚೌಕ ಮಾಡಬೇಕು. ಒಂದು ಚೌಕ ಎಂದರೆ ಹಾಸಿನ ಒಂದು ಎಳೆ ಏಳಬೇಕೋ ಬೇಡವೋ ಎಂಬ ಲೆಕ್ಕ. ಆ ಲೆಕ್ಕ ಪೆನ್ ಡ್ರೈವಿನಲ್ಲಿ ಅಟ್ಟೆ ಅಂಗಡಿಗೆ ಹೋಗುತ್ತದೆ. ಅಲ್ಲಿ ಯಂತ್ರ ಉದ್ದುದ್ದ ರಟ್ಟುಗಳಿಗೆ, ಅಂದರೆ ಅಟ್ಟೆಗಳಿಗೆ, ತೂತು ಹೊಡೆಯುತ್ತದೆ. ಆ ಅಟ್ಟೆಗಳ ಸರ ಮಗ್ಗದ ತಲೆಯ ಮೇಲೇರಿತೆಂದರೆ, ತೂತು ಹೇಳಿದಂತೆ ಎಳೆ ಏಳುತ್ತದೆ, ನೇಕಾರ ಲಾಳಿ ಎಸೆಯುತ್ತಾನೆ, ಅಡ್ಡಕ್ಕೆ ಒಂದು ಎಳೆ, ಒಂದು ಹೊಕ್ಕು, ಬೀಳುತ್ತದೆ.

ಇನ್ನು ರುಕ್ಕು. ನನಗಿಂತ ಆರು ವರ್ಷ ಚಿಕ್ಕವಳು. ಹಾಸಿನಲ್ಲಿ ತುಂಡಾದ ಎಳೆ ಜೋಡಿಸುವುದರಲ್ಲಿ ಅವಳ ಸಮ ಬೀದಿಯಲ್ಲೇ ಇರಲಿಲ್ಲ. ಅವಳು ಜೋಡಿಸಿದ ಕಡೆ ಉಗುರಾಡಿಸಿದರೂ ಗಂಟು ಸಿಗುತ್ತಿರಲಿಲ್ಲ. ಮದುವೆಯಾಗಿ ಪಲ್ಲಡಕ್ಕೆ ಹೋದಳು. ಅವಳೂ ಅವಳ ಗಂಡ ಕುಮಾರನೂ ಒಂದೇ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿಯುತ್ತಿದ್ದರು. ಒಂದು ದಿನ ಮಗ್ಗ ಓಡುತ್ತಿರುವಾಗಲೇ ಹತ್ತಿಯ ಧೂಳು ತೆಗೆಯಲು ಕೈ ಹಾಕಿದಳು. ಹಲ್ಲುಚಕ್ರ ಬಲಗೈಯ ತೋರುಬೆರಳು, ನಡುಬೆರಳು ಎರಡನ್ನೂ ಎಳೆದುಕೊಂಡಿತು.

ಆಸ್ಪತ್ರೆಯಿಂದ ನೇರ ನಮ್ಮ ಮನೆಗೆ ಬಂದಳು. “ಅಲ್ಲಿಗೆ ಹೋಗಲ್ಲ. ಆ ಸದ್ದು ಕೇಳಲ್ಲ” ಎಂದಳು. ಅಷ್ಟೇ. ಕಟ್ಟು ಬಿಚ್ಚಿದ ದಿನದಿಂದ ಬಲಗೈ ಸೆರಗಿನೊಳಗೆ ಹೋಯಿತು. ಊಟ ಎಡಗೈಯಲ್ಲಿ, ಗೋಡೆಗೆ ಮುಖ ಮಾಡಿ. ಅವಳ ತಲೆಗೆ ನೀರು ಹಾಕುತ್ತಿದ್ದವಳು ನಾನು. ಆಗಲೂ ಕೈಗೊಂದು ಬಟ್ಟೆ ಸುತ್ತಿಕೊಂಡೇ ಕೂರುತ್ತಿದ್ದಳು. ಕುಮಾರ ಭಾನುವಾರ ಭಾನುವಾರ ಬರುತ್ತಿದ್ದ. ಇವಳು ಒಳಕೋಣೆ ಸೇರಿ ಅಗುಳಿ ಹಾಕುತ್ತಿದ್ದಳು. ಅವನು ಜಗಲಿಯ ಮೇಲೆ ಕೂತು, ನಾನು ಕೊಟ್ಟ ಕಾಫಿ ಕುಡಿದು, ಬಾಗಿಲಿಗೆ “ಬರ್ತೀನಿ” ಅಂತ ಹೇಳಿ ಬಸ್ಸು ಹತ್ತುತ್ತಿದ್ದ. ಮೂರು ತಿಂಗಳು ಹೀಗೇ ನಡೆಯಿತು. ಇವಳು ಹೀಗೇ ಗೋಡೆ ನೋಡಿಕೊಂಡು ಉಳಿದುಬಿಟ್ಟರೆ ಎಂಬ ಹೆದರಿಕೆ ನನ್ನನ್ನು ಹಿಡಿದಿತ್ತು.

ಮಳೆ ಹಿಡಿದ ಮೇಲೆ ಮನೆಯೊಳಗೆ ಮಾಡಲು ಏನೂ ಇರಲಿಲ್ಲ. ರುಕ್ಕು ನನ್ನ ಬೆನ್ನ ಹಿಂದಿನ ಮಂಚದಲ್ಲಿ ಕೂತು ಪರದೆ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಎಡಗೈಯಲ್ಲಿ ಫೋನು ಹಿಡಿದು ಕಿಟಕಿಯ ಸರಳಿನ ಮೇಲೆ ಜಾರುವ ನೀರಿನ ಚಿತ್ರ ತೆಗೆದಳು. ಆಮೇಲೆ ಖಾಲಿ ಹೊಸ್ತಿಲು. ಆಮೇಲೆ ನನ್ನ ಹರಿದ ಚಪ್ಪಲಿ.

“ಅಕ್ಕಾ, ಇದನ್ನ ಅದರ ಮ್ಯಾಲೆ ಇಡೋಕಾಗ್ತದಾ? ಕೆಳಗಿಂದೂ ಕಾಣಂಗೆ?”

ಆಗುತ್ತದೆ ಎಂದೆ. ಒಂದು ಚಿತ್ರದ ಮೇಲೆ ಇನ್ನೊಂದನ್ನು ತೆಳ್ಳನೆ ವಾಯಿಲ್ ಸೀರೆಯ ಹಾಗೆ ಹೊದಿಸುವುದು, ಬೇಡವಾದಷ್ಟು ಒರೆಸುವುದು, ಒಂದು ಕಡೆಯದನ್ನು ಕತ್ತರಿಸಿ ಇನ್ನೊಂದು ಕಡೆ ಅಂಟಿಸುವುದು, ಎಲ್ಲ ತೋರಿಸಿಕೊಟ್ಟೆ. ಎಡಗೈಯಲ್ಲಿ ಮೌಸ್ ಹಿಡಿಯಲು ಎರಡು ದಿನ ಒದ್ದಾಡಿದಳು. ಮೂರನೆಯ ದಿನ, “ನೀನು ಎದ್ದು ಅಡಿಗೆಮನೆಗೆ ಹೋಗು. ಕರೆಯೋವರ್ಗೂ ಬರಬ್ಯಾಡ” ಎಂದಳು.

ಕರೆದಾಗ ಹೋದೆ. ಪರದೆಯ ಮೇಲೆ ಅವಳ ಬಲಗೈ ಇತ್ತು. ನನ್ನ ತಂಗಿಯ ಆ ಕೈಯನ್ನು ಅಪಘಾತ ಆದಮೇಲೆ ನಾನು ಮೊದಲು ನೋಡಿದ್ದು ಹಾಗೆ, ಕಂಪ್ಯೂಟರಿನಲ್ಲಿ. ಆದರೆ ಐದು ಬೆರಳೂ ಇದ್ದವು! ಎಡಗೈಯ ಚಿತ್ರದಿಂದ ಎರಡು ಬೆರಳು ಕತ್ತರಿಸಿ, ಮಗುಚಿ, ಬಲಗೈಯ ಮೊಂಡುಗಳ ಮೇಲೆ ಕೂರಿಸಿದ್ದಳು. ಕೂಡಿಸಿದ ಜಾಗವೇ ಕಾಣುತ್ತಿರಲಿಲ್ಲ. ಎಳೆ ಜೋಡಿಸಿ ಕಲಿತವಳಲ್ಲವೇ!

“ನೀನು ನೋಡಬೌದು. ಬೇರೆ ಯಾರೂ ನೋಡ್ಕೂಡ್ದು. ಅಮ್ಮನ ಮೇಲೆ ಆಣೆ ಇಡು.”

ತೀರಿಹೋದ ಅಮ್ಮನ ಮೇಲೆ ಆಣೆ ಇಟ್ಟೆ.

ನಾಲ್ಕು ದಿನ ಆ ಚಿತ್ರವನ್ನೇ ನೋಡುತ್ತಾ ಕೂತಳು. ನನಗೆ ಭಯವಾಯಿತು. ಇದು ಗಾಯಕ್ಕೆ ಮದ್ದೋ, ಗಾಯ ಕೆದಕುವುದೋ ಎಂದು ಯಾರನ್ನು ಕೇಳುವುದು? ಐದನೆಯ ದಿನ ಅವಳೇ, “ಇದು ನನ್ನ ಬೆರಳಲ್ಲಕ್ಕಾ” ಎಂದಳು. ಎಡಗೈಯ ತೋರುಬೆರಳಿನ ಮೇಲೆ ಚಿಕ್ಕಂದಿನಲ್ಲಿ ಈಳಿಗೆ ತಾಗಿದ ಒಂದು ಗೆರೆ ಇದೆ. ಅದು ಬಲಗೈಯಲ್ಲಿ ಬಂದು ಕೂತಿತ್ತು. “ಯಾರೋ ನೆಂಟರು ಬಂದು ಕುಂತವ್ರೆ. ಎಷ್ಟು ದಿನ ಇಟ್ಕೊಳ್ಳೋದು?” ಎಂದು ಅಳಿಸಿ ಹಾಕಿದಳು.

ಅಲ್ಲಿಂದ ಶುರುವಾಯಿತು ನೋಡಿ. ದಿನಕ್ಕೊಂದು. ಎರಡು ಬೆರಳಿನ ಜಾಗದಲ್ಲಿ ಒಂದು ದಿನ ಊದುಬತ್ತಿಯ ಹೊಗೆ, ಒಂದು ದಿನ ಕಾಗೆಯ ಗರಿ. ಒಂದು ದಿನ ಎರಡು ಕೆಂಪು ಮೆಣಸಿನಕಾಯಿ ಇಟ್ಟು ತಾನೇ ನಕ್ಕುಬಿಟ್ಟಳು. ಆ ಮನೆಯಲ್ಲಿ ಮೂರು ತಿಂಗಳಿಗೆ ಬಂದ ಮೊದಲ ನಗು ಅದು. ಇನ್ನೊಂದು ದಿನ ಹಲ್ಲುಚಕ್ರ ಮಾಡಿದಳು. ಕಪ್ಪು ಚಕ್ರ, ಅದರ ಸುತ್ತ ಹಲ್ಲುಗಳ ಬದಲು ಬೆರಳುಗಳು. ಅದನ್ನು ನೋಡಿ ನಾನು ತಟ್ಟೆ ಬಿಟ್ಟು ಎದ್ದೆ. ಮಾಡಿ ಮುಗಿಸಿದ ಅವಳು ಮಾತ್ರ ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು.

ಇಪ್ಪತ್ತಕ್ಕೂ ಮೇಲಾದವು. ಕೊನೆಯದರಲ್ಲಿ ಯಾವ ಆಟವೂ ಇರಲಿಲ್ಲ. ಕೈ ಹೇಗಿದೆಯೋ ಹಾಗೇ, ಹೊಲಿಗೆಯ ಗುರುತು ಸಮೇತ. ಎರಡು ಮೊಂಡುಗಳಿಂದ ಒಂದು ಕಟ್ಟು ಎಳೆಗಳು ಹೊರಟು ಮೇಲೆ ಮೇಲೆ ಹೋಗಿ ಚಿತ್ರದ ಅಂಚನ್ನೇ ದಾಟಿದ್ದವು. “ಇದು ನಾನು” ಎಂದಳು. ಬಾಗಿಲ ಒಂದು ಕದ ತೆರೆಯಿತು, ಇನ್ನೊಂದೂ ತೆರೆಯುತ್ತದೆ ಎಂದು ನಾನು ಒಳಗೊಳಗೇ ಅಂದುಕೊಂಡೆ.

ಆ ಕದವನ್ನು ನಾನೇ ಮುಚ್ಚಿದೆ.

ನನ್ನ ಕೈಗೆ ಒಂದು ಚಟ. ಯಾವ ಚಿತ್ರ ಕಂಡರೂ ಇದು ಸೀರೆಯಲ್ಲಿ ಹೇಗೆ ಬೀಳುತ್ತದೆ ಎಂದು ನೋಡಬೇಕು. ಅವಳು ಮಲಗಿದ್ದ ಒಂದು ಮಧ್ಯಾಹ್ನ ಆ ಚಿತ್ರವನ್ನು ಎತ್ತಿ ಚೌಕ ಚೌಕ ಮಾಡಿದೆ. ಕೆಟ್ಟ ಯೋಚನೆ ಇರಲಿಲ್ಲ, ಆಣೆ. ಚಂದ ಕಂಡಿತು, ಮಾಡಿದೆ. ಅದೇ ವಾರ ಮೆಟ್ಟುಪಾಳ್ಯದ ಒಬ್ಬ ಅಡಿಕೆ ವ್ಯಾಪಾರಿಯ ಮನೆಯ ಮದುವೆ ಸೀರೆಗೆ ಮಾವಿನಕಾಯಿ ಸೆರಗು ಹಾಕಿದ್ದೆ. ನಾವು ಚಿತ್ರಕ್ಕೆ ಚಿತ್ರದ ಹೆಸರಿಡುವುದಿಲ್ಲ. ಮಗ್ಗದಲ್ಲಿ ಎಳೆ ಎತ್ತುವ ಕೊಕ್ಕೆ, ನಮ್ಮ ಬಾಯಲ್ಲಿ ಹುಕ್ಕು, ಎಷ್ಟು ಇದೆಯೋ ಅದೇ ಹೆಸರು. ಮಾವಿನಕಾಯಿಯ ಹೆಸರು ‘480 ಸೆರಗು’. ರುಕ್ಕುವಿನ ಕೈಯ ಚಿತ್ರವನ್ನು ಉಳಿಸಿಡುವಾಗ ನನ್ನ ಬೆರಳು ತನ್ನಷ್ಟಕ್ಕೆ ‘480 ಸೆರಗು 2’ ಎಂದು ಒತ್ತಿತ್ತು. ಎರಡೂ ಒಂದೇ ಪೆನ್ ಡ್ರೈವಿನಲ್ಲಿ ಅಂಗಡಿಗೆ ಹೋದವು. ನಮ್ಮ ಕಸುಬಿನಲ್ಲಿ ಎರಡು ಎಂದಿದ್ದರೆ ಮೊದಲಿನದನ್ನು ತಿದ್ದಿ ಕಳಿಸಿದ್ದಾರೆ ಎಂದೇ ಅರ್ಥ. ಅಟ್ಟೆ ಅಂಗಡಿಯವನು ಎರಡನೆಯದನ್ನೇ ಹೊಡೆದ. ಅವನಿಗೆ ಕಾಣುವುದು ತೂತು, ಚಿತ್ರವಲ್ಲ. ಅಟ್ಟೆಯ ಕಟ್ಟು ಪ್ಲಾಸ್ಟಿಕ್ ಸುತ್ತಿಕೊಂಡು ಮಳೆಯಲ್ಲಿ ರಂಗಸಾಮಿ ಮಾವನ ಮಗ್ಗಕ್ಕೆ ಹೋಯಿತು.

ರಂಗಸಾಮಿ ಮಾವ ನಮಗೆ ದೂರದ ನೆಂಟರು, ಬೀದಿಯ ಕೊನೆಯ ಮನೆ, ಎಪ್ಪತ್ತರ ಹತ್ತಿರದವರು. ಅವರ ಮಗ್ಗದಲ್ಲಿ ಸೀರೆ ಮಕಾಡೆ ಮಲಗಿ ಹುಟ್ಟುತ್ತದೆ. ಚಂದದ ಮುಖ ಕೆಳಗೆ, ನೇಕಾರನ ಕಣ್ಣಿಗೆ ಬೀಳುವುದು ಬೆನ್ನು. ಆಗೊಮ್ಮೆ ಈಗೊಮ್ಮೆ ಬಟ್ಟೆಯ ಕೆಳಗೆ ಒಂದು ಕೈಗನ್ನಡಿ ಹಿಡಿದು ನೋಡಿಕೊಳ್ಳುತ್ತಾರೆ. ಮಳೆಯ ಮಬ್ಬಿಗೆ ಅವರು ಎರಡು ದಿನ ಕನ್ನಡಿ ಹಿಡಿದಿರಲಿಲ್ಲ.

ಬುಧವಾರ ಬೆಳಗ್ಗೆ ಫೋನು ಬಂತು.

“ಅಮ್ಮಣಿ, ಮಾವಿನ್ಕಾಯಿ ಅಂದಿದ್ಯಲ್ಲ, ಇದ್ಯಾವ ಊರ ಮಾವಿನ್ಕಾಯಿ? ಬೆರಳು ಬಿಟ್ಟದೆ!”

ಕಂಪ್ಯೂಟರಿನಲ್ಲಿ ‘480 ಸೆರಗು 2’ ತೆಗೆದು ನೋಡಿದೆ. ಪರದೆ ತುಂಬ ಚೌಕುಳಿಯ ಕೈ. ಹಾಗೇ ಬಿಟ್ಟು ಓಡಿದೆ. ಕೊಡೆ ಇಲ್ಲ, ಚಪ್ಪಲಿ ಇಲ್ಲ.

ಮಾವ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಕನ್ನಡಿಯನ್ನು ನನ್ನ ಕೈಗೆ ಕೊಟ್ಟು, “ನೀನೇ ನೋಡು ತಾಯಿ” ಎಂದರು. ಬಟ್ಟೆಯ ಕೆಳಗೆ ಕನ್ನಡಿ ಹಿಡಿದೆ. ಕೆಂಪು ರೇಷ್ಮೆಯ ಮೇಲೆ ಚಿನ್ನದ ಜರಿಯಲ್ಲಿ ನನ್ನ ತಂಗಿಯ ಕೈ. ಮುಂಗೈ, ಹೆಬ್ಬೆರಳು, ಎರಡು ಮೊಂಡು, ಉಳಿದ ಎರಡು ಬೆರಳು, ಮೊಂಡುಗಳಿಂದ ಹೊರಟ ಎಳೆಗಳು. ಒಂದು ಗೇಣಿಗೂ ಮೇಲೆ ನೆಯ್ದು ಆಗಿತ್ತು. ಒಡಲು ಮುಗಿದ ಸೀರೆ, ಕತ್ತರಿಸಿ ಎಸೆಯುವಂತಿಲ್ಲ.

“ಬಿಚ್ಚಬೇಕು ಮಾವ. ಈಗಲೇ. ಯಾರಿಗೂ ಹೇಳಬ್ಯಾಡಿ.”

“ಬಿಚ್ಚೋದು ಅಂದ್ರೆ ಪಾಯಸ ಕುಡಿಯೋದಾ? ಒಂದೊಂದು ಅಟ್ಟೆ ಹಿಂದುಕ್ಕೆ ತಿರುಗಿಸಿ, ಒಂದೊಂದು ಹೊಕ್ಕು ಎಳೀಬೇಕು. ಈ ಮಳೆ ಈರಕ್ಕೆ ರೇಷ್ಮೆ ಒಂದಕ್ಕೊಂದು ಅಂಟ್ಕೊಂಡದೆ. ನಾನು ತುಳೀತೀನಿ. ಎಳೆಯೋರ್ಯಾರು? ನಿಮ್ಮತ್ತೆಗೆ ಕಣ್ಣಲ್ಲಿ ಪೊರೆ.”

“ನಾನು ಎಳೀತೀನಿ.”

ಮಾವ ನನ್ನ ಕೈ ನೋಡಿ, “ಮೌಸ್ ಹಿಡಿದೂ ಹಿಡಿದೂ ಅದು ಕೈ ಅನ್ನೋದನ್ನೇ ಮರ್ತದೆ. ಸರಿ, ಕೂರು” ಎಂದರು. ಅಷ್ಟರಲ್ಲಿ ಸೀರೆ ಒಪ್ಪಿಸಬೇಕಾದ ಅಂಗಡಿಯಾಕೆಯ ಫೋನು. ಮುಹೂರ್ತಕ್ಕೆ ಇನ್ನು ಆರೇ ದಿನ. “ಮಳೆ ಕಥೆ ನನ್ಹತ್ರ ಬೇಡಮ್ಮಾ, ಮಳೆ ನಮ್ಮ ಮನೆ ಮೇಲೂ ಸುರೀತಾ ಇದೆ” ಎಂದು ತಮಿಳಿನಲ್ಲಿ ರೇಗಿ ಫೋನಿಟ್ಟಳು. ಎಳೆಯಲು ಕೂತೆ. ಅರ್ಧ ಗಂಟೆಯಲ್ಲಿ ಹಾಸಿನ ಐದು ಎಳೆ ತುಂಡು ಮಾಡಿದೆ.

ಬಾಗಿಲಲ್ಲಿ ನೆರಳಾಯಿತು. ರುಕ್ಕು.

ನಾಲ್ಕು ತಿಂಗಳಲ್ಲಿ ಹೊಸ್ತಿಲು ದಾಟದವಳು ಬೀದಿಯುದ್ದಕ್ಕೂ ಮಳೆಯಲ್ಲಿ ನಡೆದು ಬಂದಿದ್ದಳು. ಮುಖದಿಂದ ನೀರು ಸುರಿಯುತ್ತಿತ್ತು. ಬಲಗೈ ಸೆರಗಿನೊಳಗೇ ಇತ್ತು. ನಾನು ಹಾಗೇ ಬಿಟ್ಟು ಬಂದ ಪರದೆಯನ್ನು ನೋಡಿದ್ದಾಳೆ ಎಂದು ಅವಳ ಕಣ್ಣೇ ಹೇಳಿತು.

ಮಾವನಿಗೆ ಏನೂ ಗೊತ್ತಿಲ್ಲ. ಮುದ್ದಿನವರನ್ನೆಲ್ಲ ‘ಕಣ್ಣು’ ಎಂದೇ ಕರೆಯುವವರು ಅವರು. “ಬಾ ರುಕ್ಕು ಕಣ್ಣು! ಎಷ್ಟು ದಿನ ಆಯ್ತು ನಿನ್ ಮೊಗ ನೋಡಿ. ನಿಮ್ಮಕ್ಕ ಮಾಡಿರೋ ವೇಲೆ ನೋಡು, ಎಂಥಾ ಕೆಲ್ಸ! ಮಾವಿನ್ಕಾಯಿ ಕೇಳಿದ್ರೆ ಯಾರದೋ ಕೈ ತಂದು ಕೊಟ್ಟವ್ಳೆ.”

“ಯಾರದೋ ಅಲ್ಲ ಮಾವ” ಎಂದಳು ರುಕ್ಕು. ಸೆರಗಿನಿಂದ ಕೈ ಹೊರಗೆ ತೆಗೆದಳು. “ನನ್ನದು.”

ಅವಳ ಕೈಯನ್ನು ನಿಜವಾಗಿ ನಾನು ನೋಡಿದ್ದು ಆಗ. ಚಿತ್ರದಲ್ಲಿದ್ದುದಕ್ಕಿಂತ ಚಿಕ್ಕದಿತ್ತು, ಬಿಳಿಚಿತ್ತು. ನಾಲ್ಕು ತಿಂಗಳು ಬೆಳಕು ಕಾಣದ ಕೈ.

“ಅಮ್ಮನ ಮೇಲೆ ಆಣೆ ಇಟ್ಟೆಯಲ್ಲಕ್ಕಾ” ಎಂದಳು ನನಗೆ. ದನಿ ಏರಿಸಲಿಲ್ಲ. “ಚೌಕ ಚೌಕ ಮಾಡಿ ಊರಿಗೆಲ್ಲ ಕೊಟ್ಟುಬುಟ್ಯಾ?”

“ರುಕ್ಕು, ಬೇಕೂಂತ ಅಲ್ಲ...”

“ಏಳು.”

ಎದ್ದೆ.

“ನನ್ನ ಕೈ. ನಾನೇ ಬಿಚ್ತೀನಿ. ನೀನು ಮನೆಗೋಗು.”

ಮನೆಗೆ ಹೋಗಲಿಲ್ಲ. ಜಗಲಿಯ ಮೇಲೆ ಕಂಬಕ್ಕೆ ಒರಗಿ, ಅವಳಿಗೆ ಕಾಣದಿದ್ದರೂ ಒಳಗಿನದು ನನಗೆ ಕಾಣುವ ಹಾಗೆ ಕೂತೆ. ಒಳಗೆ ಮಾವ ಕೇಳಿದರು: “ನೋವು ಇನ್ನೂ ಐತಾ ಕಣ್ಣು?”

“ಇರೋವು ನೋಯಲ್ಲ ಮಾವ. ಇಲ್ಲದವೇ ಎರಡು ಚಳಿಗೆ ನೋಯ್ತವೆ.”

“ಹೂಂ. ನಂಗೂ ಹಂಗೇ. ಇರೋ ಹಲ್ಲು ಸುಮ್ಕಿರ್ತವೆ, ಉದುರಿದ್ದೇ ನೋಯೋದು” ಎಂದ ಮಾವ ಹಲಗೆ ತುಳಿದರು. ಮೇಲೆ ಅಟ್ಟೆ ಒಂದು ಹಿಂದಕ್ಕೆ ಬಿತ್ತು. ಎಳೆಗಳು ಬಾಯಿ ತೆರೆದವು. “ಎಳಿ.”

ಮೊದಲಿನ ನಾಲ್ಕೈದು ಹೊಕ್ಕು ಎಡಗೈಯಲ್ಲೇ ಎಳೆಯಲು ನೋಡಿದಳು. ಜರಿ ಒಂದೇ ಕೈಗೆ ಬರುವುದಿಲ್ಲ. ಒಂದು ಕಡೆ ಹಿಡಿಯಬೇಕು, ಇನ್ನೊಂದು ಕಡೆ ಬಿಡಬೇಕು. ಬಲಗೈಯನ್ನು ತಂದು ಹೆಬ್ಬೆರಳು ಮತ್ತು ಉಂಗುರಬೆರಳಿನ ನಡುವೆ ಎಳೆ ಹಿಡಿದಳು. ಜಾರಿತು. ಮತ್ತೆ ಹಿಡಿದಳು. ಮತ್ತೆ ಜಾರಿತು. ಮಾವ ಹಲಗೆಯ ಮೇಲೆ ಕಾಲು ಒತ್ತಿ ಹಿಡಿದು ಕಾಯುತ್ತಿದ್ದರು. ಎಷ್ಟನೆಯ ಸಲಕ್ಕೋ ಎಳೆ ನಿಂತಿತು, ಬಂತು.

ಎರಡು ಹಗಲು ಬಿಚ್ಚಿದರು. ಕಡೆಗೆ ನೆಯ್ದದ್ದು ಮೊದಲು ಹೋಗಬೇಕಲ್ಲ, ಮೊದಲು ಎಳೆಗಳ ಕಟ್ಟು ಹೋಯಿತು, ಜೊತೆಗೆ ಉಂಗುರಬೆರಳಿನ ತುದಿ, ಆಮೇಲೆ ಕಿರುಬೆರಳಿನ ತುದಿ. ಎರಡನೆಯ ದಿನ ಬೆಳಗ್ಗೆ ಒಂದು ಗಳಿಗೆ ಬಂತು. ರುಕ್ಕು ಕನ್ನಡಿ ಹಿಡಿದು ನೋಡಿದಳು. ಬಿಚ್ಚುತ್ತಾ ಬಿಚ್ಚುತ್ತಾ ಇದ್ದ ಬೆರಳುಗಳೂ ಮೊಂಡಾಗಿ, ನಾಲ್ಕೂ ಒಂದೇ ಎತ್ತರಕ್ಕೆ ನಿಂತಿದ್ದವು.

“ಮಾವ, ಈಗ ಎಲ್ಲಾ ಒಂದೇ ಸಮ” ಎಂದಳು.

“ಇಲ್ಲೇ ನಿಲ್ಸೋಣಾ?” ಎಂದರು ಮಾವ ತಮಾಷೆಗೆ.

“ಬ್ಯಾಡ. ತುಳೀರಿ.”

ಅಂಗೈ ಹೋಯಿತು, ಹೆಬ್ಬೆರಳು ಹೋಯಿತು. ಸಂಜೆಯ ಹೊತ್ತಿಗೆ ಮುಂಗೈಯ ಕೊನೆಯ ಹೊಕ್ಕು ಎಳೆದಳು. ಬರೀ ಕೆಂಪು ಒಡಲು ಉಳಿಯಿತು. ಆಮೇಲೆ ನಾನು ತುಂಡು ಮಾಡಿದ್ದ ಐದು ಎಳೆಗಳನ್ನು ಜೋಡಿಸಲು ಕೂತಳು. ಹಳೆಯ ಬೆರಳುಗಳು ಮಾಡುತ್ತಿದ್ದ ಕೆಲಸವನ್ನು ಹೆಬ್ಬೆರಳಿಗೂ ಉಂಗುರಬೆರಳಿಗೂ ಹೊಸದಾಗಿ ಕಲಿಸಬೇಕಿತ್ತು. ಒಂದು ಎಳೆಗೆ ಕಾಲು ಗಂಟೆ ಹಿಡಿಯಿತು.

“ಈ ವೇಗಕ್ಕೆ ಮದುವೆ ಹೆಣ್ಣು ಮುದುಕಿ ಆಗ್ತಾಳೆ ಕಣ್ಣು” ಎಂದು ಮಾವ ಕೆಣಕಿದರು.

“ಆಗ್ಲಿ ಬುಡಿ ಮಾವ. ನೀವೇನು ಎಳೇ ಹುಡುಗ್ರಾ ಇನ್ನೂ?”

ಜಗಲಿಯಲ್ಲಿ ಕೂತಿದ್ದ ನಾನು ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಯಾಕೆ ಅತ್ತೆನೋ, ಸಂತೋಷಕ್ಕೋ ನಾಚಿಕೆಗೋ, ಇವತ್ತಿಗೂ ಬಿಡಿಸಿ ಹೇಳಲಾರೆ.

ಮನೆಗೆ ಬಂದವಳು ನೇರ ಕಂಪ್ಯೂಟರಿನ ಮುಂದೆ ಕೂತಳು. ಮೊದಲು ಆ ಚೌಕುಳಿಯ ಕೈಯನ್ನು ಅಳಿಸಿದಳು. ಆಮೇಲೆ ತನ್ನ ಚಿತ್ರಗಳನ್ನು ಒಂದೊಂದಾಗಿ. ಹೊಗೆ, ಗರಿ, ಮೆಣಸಿನಕಾಯಿ, ಚಕ್ರ. ನಾನು ಬಾಗಿಲಲ್ಲಿ ನಿಂತು “ಬ್ಯಾಡ ರುಕ್ಕು, ನಿನ್ನವಾದ್ರೂ ಇರ್ಲಿ” ಎಂದೆ. ತಿರುಗಿ ನೋಡಲಿಲ್ಲ. ಕೊನೆಯದೂ ಹೋಯಿತು.

ಅಳಿಸಿದ ಚಿತ್ರ ಕಂಪ್ಯೂಟರಿನ ಕಸದಬುಟ್ಟಿಯಲ್ಲಿ ಇರುತ್ತದೆ. ಅದು ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಒಂದು ಗುಂಡಿ ಒತ್ತಿದರೆ ಎಲ್ಲವೂ ವಾಪಸು. ಮೌಸ್ ಹಿಡಿದು ಎಷ್ಟೋ ಸಲ ಆ ಬುಟ್ಟಿಯ ಹತ್ತಿರ ಹೋಗಿ ಬಂದೆ. ನಾಳೆ ಅವಳೇ ಕೇಳಿದರೆ? ಇಷ್ಟು ಒಳ್ಳೆಯವು ಮತ್ತೆ ಹುಟ್ಟದಿದ್ದರೆ? ಒಮ್ಮೆ ಕೇಳದೆ ಎತ್ತಿದ್ದಕ್ಕೆ ಆದದ್ದು ಸಾಲದೇ ಎಂದು ಕಡೆಗೆ ಬುಟ್ಟಿಯನ್ನೇ ಖಾಲಿ ಮಾಡಿದೆ. ನನ್ನ ಕಸುಬಿನಲ್ಲಿ ಅಷ್ಟು ಕಷ್ಟಪಟ್ಟು ಒತ್ತಿದ ಗುಂಡಿ ಇನ್ನೊಂದಿಲ್ಲ.

ಸರಿಯಾದ ಅಟ್ಟೆ ಬಂತು, ಮಾವಿನಕಾಯಿ ಸೆರಗು ಬಿತ್ತು, ಸೀರೆ ಮುಹೂರ್ತದ ಹಿಂದಿನ ದಿನ ಮೆಟ್ಟುಪಾಳ್ಯಕ್ಕೆ ಹೋಯಿತು. ರುಕ್ಕು ಮಾತ್ರ ನನ್ನ ಜೊತೆ ಮಾತು ಬಿಟ್ಟಳು. ಬೆಳಗ್ಗೆ ಎದ್ದು ಮಾವನ ಮನೆಗೆ ಹೋಗುತ್ತಿದ್ದಳು, ಎಳೆ ಜೋಡಿಸಲು. ದಿನವಿಡೀ ಅಲ್ಲಿ ಅವಳ ಮಾತು, ಮಾವನ ಕೀಟಲೆ. ಮನೆಗೆ ಬಂದರೆ ಬಾಯಿಗೆ ಬೀಗ. ಹೇಳಲೇಬೇಕಾದದ್ದನ್ನು ಪಾತ್ರೆಗೆ ಹೇಳುತ್ತಿದ್ದಳು. “ನೀರು ಕಾದದೆ, ಸ್ನಾನ ಮಾಡೋರು ಮಾಡಬೌದು” ಎಂದು ಹಂಡೆಗೆ. “ಉಪ್ಪು ಜಾಸ್ತಿ ಆಗದೆ” ಎಂದು ಸಾರಿನ ಪಾತ್ರೆಗೆ. ನಗಬೇಕೆನಿಸುತ್ತಿತ್ತು. ನಗಲು ನನಗೆ ಧೈರ್ಯವಿರಲಿಲ್ಲ.

ಭಾನುವಾರ ಕುಮಾರ ಬಂದ. ಎಂದಿನಂತೆ ಕಾಫಿಗೆ ಅಡಿಗೆಮನೆಗೆ ಹೋದರೆ ರುಕ್ಕು ಆಗಲೇ ಲೋಟಕ್ಕೆ ಸುರಿಯುತ್ತಿದ್ದಳು. ನಾನು ಬಾಗಿಲ ಸಂದಿಯಲ್ಲಿ ನಿಂತೆ. ಜಗಲಿಗೆ ಹೋಗಿ ಲೋಟವನ್ನು ಬಲಗೈಯಲ್ಲಿ ಚಾಚಿದಳು, ಮೂರು ಬೆರಳಲ್ಲಿ. ಕುಮಾರ ಕೈಯನ್ನು ನೋಡಿದ, ಅವಳ ಮುಖ ನೋಡಿದ, ಲೋಟ ತೆಗೆದುಕೊಂಡ. ಒಂದು ಗುಟುಕು ಕುಡಿದ.

“ಸಕ್ಕರೆ ಕಮ್ಮಿ” ಎಂದ.

“ಬಾಯಿ ಸಿಹಿ ಇದ್ರೆ ಸಾಕು, ಕುಡೀರಿ” ಎಂದಳು. ಅವನು ತಲೆ ತಗ್ಗಿಸಿಕೊಂಡು ಬಹಳ ಹೊತ್ತು ಆ ಕಾಫಿ ಕುಡಿದ.

ಅವಳು ಗಂಡನಿಗೆ ಕೈ ತೋರಿಸಿದಳು, ಬೀದಿಗೆ ತೋರಿಸಿದಳು. ನನಗೆ ಮಾತ್ರ ಬೆನ್ನು. ಅವಳು ಪಲ್ಲಡಕ್ಕೆ ಹೊರಡುತ್ತಾಳೆ, ಹೀಗೇ ಮಾತಿಲ್ಲದೆ ಹೊರಟುಬಿಡುತ್ತಾಳೆ ಎಂದು ದಿನ ಎಣಿಸುತ್ತಿದ್ದೆ. ಅದಕ್ಕಿಂತ ಹೆಚ್ಚು ನೋಯಿಸಿದ್ದು ಇನ್ನೊಂದು. ಅವಳು ಫೋನಿನಲ್ಲಿ ಮತ್ತೆ ಒಂದೇ ಒಂದು ಚಿತ್ರ ತೆಗೆದಿರಲಿಲ್ಲ. ಅವಳಾಗಿ ಕಂಡುಕೊಂಡಿದ್ದ ಮದ್ದಿನ ಬಟ್ಟಲನ್ನು ನಾನು ಒಡೆದಿದ್ದೆ.

ಹೀಗೆ ಮಾತಿಲ್ಲದೆ ಒಂಬತ್ತು ದಿನ ಕಳೆಯಿತು. ಹತ್ತನೆಯ ದಿನ ಬೆಳಗ್ಗೆ ಮಳೆ ಬಿಟ್ಟು ಕಿಟಕಿಯಲ್ಲಿ ಒಂದು ಚೂರು ಬಿಸಿಲು ಬಿದ್ದಿತ್ತು. ನಾನು ಯಾವುದೋ ಅಂಚಿನ ಹೂವು ತಿದ್ದುತ್ತಿದ್ದೆ. ರುಕ್ಕು ಬಂದು ಪಕ್ಕದಲ್ಲಿ ನಿಂತಳು. ಬಲಗೈಯಲ್ಲಿ ಫೋನು ಹಿಡಿದಿದ್ದಳು.

“ಕೈ ಇಡು.”

ಪಾತ್ರೆಗೆ ಹೇಳಿದಳೋ ನನಗೋ ತಿಳಿಯದೆ ಮುಖ ನೋಡಿದೆ.

“ನಿನಗೇ ಹೇಳಿದ್ದು. ಮೌಸ್ ಹಿಡಿಯೋ ಕೈ. ಆ ಬಿಸಿಲಲ್ಲಿ ಇಡು.”

ಮೇಜಿನ ಮೇಲೆ ಬಿಸಿಲು ಬಿದ್ದ ಕಡೆ ನನ್ನ ಬಲಗೈ ಇಟ್ಟೆ. “ಏನು ಮಾಡ್ತೀಯಾ ರುಕ್ಕು?”

“ನನ್ನ ಕೇಳಿದ್ಯಾ ನೀನು?”

ಅವಳು ಫೋನನ್ನು ಕೈಯ ಮೇಲೆ ತಂದಳು, ಹಿಂದೆ ಸರಿದಳು, ಮತ್ತೆ ತಂದಳು.

“ಕೈ ನಡುಗ್ತಾ ಐತೆ. ಸರಿಯಾಗಿ ಬೀಳಲ್ಲ” ಎಂದೆ.

“ನಡುಗಲಿ ಬುಡು” ಎಂದಳು. “ಹೆಂಗದೆಯೋ ಹಂಗೇ ಬೀಳ್ಲಿ.”

ಕ್ಲಿಕ್ ಎಂದಿತು. ಇನ್ನೊಂದು ತೆಗೆದಳು. ಮತ್ತೊಂದು. ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕೂತಳು. “ಅಡಿಗೆಮನೆಗೆ ಹೋಗಕ್ಕಾ” ಎಂದಳು.

ಹೋದೆ. ಅವತ್ತು ಅವಳು ನನ್ನನ್ನು ಕರೆಯಲಿಲ್ಲ. ನನ್ನ ಕೈಯ ಮೇಲೆ ಏನೇನು ಹೊದಿಸಿದಳೋ, ಏನನ್ನು ಅಳಿಸಿದಳೋ, ಯಾವ ಬೆರಳು ಉಳಿಸಿದಳೋ, ಇಷ್ಟು ವರ್ಷವಾದರೂ ತೋರಿಸಿಲ್ಲ. ನಾನೂ ಕೇಳಿಲ್ಲ.